ಹಸಿ ಸೌದೆಯ ತೂಕ

(ತುಮಕೂರಿನ ವಿದ್ಯಾರ್ಥಿ ನಿಲಯವೊಂದರಲ್ಲಿ ಆಡಿದ ಮಾತು. ಗೆಳೆಯರು ಬರೆದುಕೊಡಿ ಅಂದದ್ದರಿಂದ ನೆನಪಿದ್ದಷ್ಟು ಬರೆದಿದ್ದೇವೆ.)



ಕವಿತೆ ಓದಬೇಕು ಅಂತ ಕರೆದಿರಿ. ಕವಿತೆ ಜೇಬಲ್ಲೇ ಇರಲಿ, ಇವತ್ತು ಸೌದೆ ವಿಚಾರ ಮಾತಾಡೋಣ. ನಗಬೇಡಿ. ಒಳಗೆ ಬರುವಾಗ ನಿಮ್ಮ ನೀರೊಲೆಯ ಹಿಂದೆ ಒಟ್ಟಿರುವ ಸೌದೆ ನೋಡಿಕೊಂಡೇ ಬಂದಿದ್ದೇವೆ. ಮುಕ್ಕಾಲು ನೀಲಗಿರಿ, ನಡುನಡುವೆ ಬಳ್ಳಾರಿ ಜಾಲಿ, ಮೇಲೊಂದಿಷ್ಟು ತೆಂಗಿನ ಎಡಮಟ್ಟೆ. ಒಂದು ತುಂಡು ಎತ್ತಿ ನೋಡಿದೆವು, ಭಾರ. ಕೊಯ್ದ ಮುಖದಲ್ಲಿ ಬಿರುಕು ಬಿಟ್ಟಿಲ್ಲ. ಅಂದರೆ ಹಸಿ. ಬೆಳಿಗ್ಗೆ ನೀರು ಕಾಯೋದಿಲ್ಲ, ಹೊಗೆ ರೂಮಿಗೆಲ್ಲಾ ತುಂಬುತ್ತದೆ ಅಂತ ವಾರ್ಡನ್ ಹತ್ತಿರ ಜಗಳ ಆಡುತ್ತೀರಲ್ಲ, ಅದರ ಕಾರಣ ಆ ತುಂಡಿನೊಳಗಿದೆ. ಅದನ್ನು ಒಣಗಿಸದೆ ಯಾಕೆ ಮಾರಿದರು, ಮಾರಿದವರು ಯಾರು ಅನ್ನುವುದೇ ಇವತ್ತಿನ ಮಾತು.

ಮೊದಲು ನಮ್ಮದೊಂದು ತಪ್ಪು ಒಪ್ಪಿಕೊಳ್ಳಬೇಕು. ನಾವು ಪಿಯುಸಿ ಓದುವಾಗ ಇದ್ದದ್ದೂ ಇಂಥದೇ ಒಂದು ಹಾಸ್ಟೆಲು. ಒಂದು ಭಾನುವಾರ ಸೌದೆ ತುಂಬಿದ ಟೆಂಪೊ ಬಂತು. ಮೇಲೆ ನಿಂತು ತುಂಡುಗಳನ್ನು ಕೆಳಕ್ಕೆ ಎಸೆಯುತ್ತಿದ್ದ ಮೂವರಲ್ಲಿ ಒಬ್ಬರು ನಮ್ಮಪ್ಪ. ತಲೆಗೆ ಸುತ್ತಿದ ಟವೆಲ್ಲು, ಕಾಲಲ್ಲಿ ಪಿನ್ನು ಹಾಕಿದ ಹವಾಯಿ ಚಪ್ಪಲಿ, ಮೈಯೆಲ್ಲಾ ತೊಗಟೆ ಪುಡಿ. ಜೊತೆಯ ಹುಡುಗರು ಕಟ್ಟೆ ಮೇಲೆ ಕೂತು ನೋಡುತ್ತಿದ್ದರು. ನಾವು ಸದ್ದಿಲ್ಲದೆ ನೀರಿನ ಟ್ಯಾಂಕಿನ ಹಿಂದಕ್ಕೆ ಹೋದೆವು. ಟೆಂಪೊ ಖಾಲಿಯಾಗುವವರೆಗೂ ಅಲ್ಲೇ ನಿಂತಿದ್ದೆವು. ಅಪ್ಪ ಹೋಗುವಾಗ ಅಡುಗೆಯವರ ಕೈಗೆ ಒಂದು ಪೊಟ್ಟಣ ಕಡ್ಲೆಪುರಿ ಕೊಟ್ಟು, "ನಮ್ಮ ಹುಡ್ಗ ಓದ್ಕಂತಾ ಇರ್ಬೈದು, ಕರೀಬ್ಯಾಡಿ, ಆಮ್ಯಾಕೆ ಕೊಟ್ಬುಡಿ" ಅಂದು ಹೋಗಿದ್ದರು. ಆ ಕಡ್ಲೆಪುರಿ ತಿಂದೆವೋ ಹಂಚಿದೆವೋ ನೆನಪಿಲ್ಲ. ಟ್ಯಾಂಕಿನ ಪಾಚಿಯ ವಾಸನೆ ಮಾತ್ರ ಇನ್ನೂ ಮೂಗಿನಲ್ಲಿದೆ.

ಇದನ್ನು ಯಾಕೆ ಹೇಳಿದೆವು ಅಂದರೆ, ಇಲ್ಲಿ ಕೂತಿರುವವರಲ್ಲಿ ಮರ ಕಡಿಯುವವರ ಮಕ್ಕಳು ಐದಾರು ಜನವಾದರೂ ಇದ್ದೀರಿ. ಅರ್ಜಿ ತುಂಬುವಾಗ 'ತಂದೆಯ ಉದ್ಯೋಗ' ಅನ್ನುವ ಕಡೆ ಕೂಲಿ ಅಂತಲೋ ವ್ಯವಸಾಯ ಅಂತಲೋ ಬರೆದಿದ್ದೀರಿ. ನಾವೂ ಹಾಗೇ ಬರೆದವರು.

ಅಪ್ಪಂದಿರ ಕೈಗೆ ಈ ಕೊಡಲಿ ಬಂದದ್ದು ಹೇಗೆ? ಬಿಟ್ಟಿ ಚಾಕರಿಯ ಕಾಲದಲ್ಲಿ ಊರೊಳಗಿನ ಮದುವೆಗೆ, ತಿಥಿಗೆ, ಹೆಣ ಸುಡುವುದಕ್ಕೆ ಸೌದೆ ಒಡೆದು ಹಾಕೋದು ಕೇರಿಯವರ ಪಾಲಿಗಿತ್ತು. ನಮ್ಮವರು ಸತ್ತರೆ ಹೂಳುವವರು. ಸುಡುವವರ ಸೌದೆ ಮಾತ್ರ ನಮ್ಮ ತಲೆಯ ಮೇಲೆ. ಅದು ಹಳೇ ಕತೆ. ಆದರೆ ಗ್ಯಾಂಗು ಕಟ್ಟಿಕೊಂಡು ಊರೂರು ತಿರುಗಿ ಮರ ಕಡಿಯುವುದನ್ನೇ ಬಾಳುವೆ ಮಾಡಿಕೊಂಡದ್ದು ಈಚಿನದು. ಅದರ ಬೇರು ಇರುವುದು ನೀಲಗಿರಿಯಲ್ಲಿ. ಟಿಪ್ಪು ಕಾಲಕ್ಕೆ ನಂದಿಬೆಟ್ಟಕ್ಕೆ ಬಂದ ಮರ ಅದು ಅನ್ನುತ್ತಾರೆ. ನಮ್ಮ ಬಯಲುಸೀಮೆಯ ರಾಗಿ ಹೊಲಕ್ಕೆ ನುಗ್ಗಿದ್ದು 1970ರ ದಶಕದ ಕೊನೆಗೆ, 80ರ ದಶಕದಲ್ಲಿ. 1983ರಲ್ಲಿ ವಿಶ್ವ ಬ್ಯಾಂಕಿನ ಸಾಲವನ್ನೂ ಬ್ರಿಟನ್ನಿನ ನೆರವನ್ನೂ ತಂದು ಕರ್ನಾಟಕದಲ್ಲಿ ಸಾಮಾಜಿಕ ಅರಣ್ಯ ಯೋಜನೆ ಮಾಡಿದರು. ಹಳ್ಳಿಯವರಿಗೆ ಸೌದೆ ಸಿಗಲಿ, ಮೇವು ಸಿಗಲಿ ಅನ್ನುವುದು ಕಾಗದದ ಮೇಲಿನ ಮಾತು. ಸಸಿಗಳು ಹೆಚ್ಚಾಗಿ ಹೋದದ್ದು ಜಮೀನಿದ್ದವರ ಹೊಲಕ್ಕೆ, ಹೋದ ಸಸಿಗಳಲ್ಲಿ ಹೆಚ್ಚಿನವು ನೀಲಗಿರಿ. ಭೂಮಿ ಇಲ್ಲದವನಿಗೆ ಯಾವ ಸಸಿ, ಯಾವ ಸಾಮಾಜಿಕ?

ಜಮೀನುದಾರನಿಗೆ ನೀಲಗಿರಿ ಯಾಕೆ ಇಷ್ಟವಾಯಿತು ಅನ್ನುವುದನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಬೇಕು. ದನ ಬಾಯಿ ಹಾಕೋದಿಲ್ಲ. ಕಳೆ ಬೇಡ, ಕುಯ್ಲು ಬೇಡ, ಕಣ ಬೇಡ, ಮುಖ್ಯವಾಗಿ ಕೂಲಿ ಜಾಸ್ತಿ ಕೊಡಿ ಅಂತ ಕೇಳುವ ಆಳು ಬೇಡ. ನೆಟ್ಟು ಬೆಂಗಳೂರಿಗೆ ಹೋಗಿ ಕೂತರೂ ಏಳೆಂಟು ವರ್ಷಕ್ಕೆ ದುಡ್ಡು ಬರುತ್ತದೆ. ಕಡಿದ ಬುಡ ಮತ್ತೆ ತಾನೇ ಚಿಗುರುತ್ತದೆ. ಕೋಲಾರ ಜಿಲ್ಲೆಯಲ್ಲಿ ಅಧ್ಯಯನ ಮಾಡಿದ ಬಂದ್ಯೋಪಾಧ್ಯಾಯ, ವಂದನಾ ಶಿವ ಮತ್ತು ಶರತ್‌ಚಂದ್ರ 1981ರಲ್ಲೇ ಇದರ ಅಪಾಯ ಹೇಳಿದ್ದರು: ರಾಗಿ ಹೋಗುತ್ತದೆ, ಕೂಲಿಯವನ ಕೆಲಸವೂ ಹೋಗುತ್ತದೆ ಅಂತ. 1983ರ ಆಗಸ್ಟಿನಲ್ಲಿ ನಮ್ಮ ತುಮಕೂರು ಜಿಲ್ಲೆಯಲ್ಲೇ ಸಣ್ಣ ರೈತರು ಮೆರವಣಿಗೆ ಹೋಗಿ ಅರಣ್ಯ ನರ್ಸರಿಯ ನೀಲಗಿರಿ ಸಸಿಗಳನ್ನು ಕಿತ್ತು ಹಾಕಿ ಅಲ್ಲಿ ಹುಣಸೆ ಬೀಜ, ಮಾವಿನ ಬೀಜ ಹಾಕಿ ಬಂದರು. ಆ ಬೀಜಗಳು ಮೊಳೆತವೋ ಇಲ್ಲವೋ, ತೋಪುಗಳು ಬೆಳೆದವು.

ನಮ್ಮವರ ಪಾಲಿಗೆ ಆದದ್ದು ಇಷ್ಟು. ರಾಗಿ ಕುಯ್ಯುತ್ತಿದ್ದ ಹೊಲದಿಂದ ಏಳೆಂಟು ವರ್ಷ ಯಾರೂ ಕೂಗಿ ಕರೆಯಲಿಲ್ಲ. ಆಮೇಲೆ ಅದೇ ಹೊಲಕ್ಕೆ ಮರ ಕಡಿಯಲು ಕರೆ ಬಂತು. ಕುಡುಗೋಲು ಸೂರಿಗೆ ಸಿಕ್ಕಿಸಿ ಕೊಡಲಿ ಹಿಡಿದರು. ರಾಗಿ ಹೊಲದಲ್ಲಿ ಅವ್ವಂದಿರಿಗೆ ಹಕ್ಕಲು ಆಯುವುದಕ್ಕಾದರೂ ಇತ್ತು, ಒಂದು ಹಿಡಿ ತೆನೆ ಮಡಿಲಿಗೆ ಬೀಳುತ್ತಿತ್ತು. ನೀಲಗಿರಿ ತೋಪಿನಲ್ಲಿ ಹಕ್ಕಲು ಅಂದರೆ ಒಣಗಿದ ಎಲೆ.

ಗ್ಯಾಂಗಿನ ಲೆಕ್ಕ ಗೊತ್ತಿಲ್ಲದವರಿಗೆ ಹೇಳುತ್ತೇವೆ. ವ್ಯಾಪಾರಿ ಬಂದು ಇಡೀ ತೋಪಿಗೆ ಕಣ್ಣಂದಾಜಲ್ಲಿ ಬೆಲೆ ಕಟ್ಟುತ್ತಾನೆ. ಗ್ಯಾಂಗಿನ ಮೇಸ್ತ್ರಿ ಕೈಗೆ ಅಡ್ವಾನ್ಸು ಇಡುತ್ತಾನೆ. ಆ ಅಡ್ವಾನ್ಸು ಯುಗಾದಿಗೋ ಮಾರಿಹಬ್ಬಕ್ಕೋ ಆಸ್ಪತ್ರೆಗೋ ಮೊದಲೇ ಖರ್ಚಾಗಿರುತ್ತದೆ. 1975ರ ಅಕ್ಟೋಬರ್ 24ರ ಸುಗ್ರೀವಾಜ್ಞೆಯಿಂದ ಜೀತ ಹೋಯಿತು, 1976ರಲ್ಲಿ ಕಾಯ್ದೆಯೂ ಆಯಿತು. ಈ ಅಡ್ವಾನ್ಸು ಮಾತ್ರ ಹೋಗಲಿಲ್ಲ. ಕಡಿದು, ರೆಂಬೆ ಸವರಿ, ತುಂಡು ಹಾಕಿ, ಲಾರಿಗೆ ತುಂಬಿದ ಮೇಲೆ ಟನ್ನಿಗೆ ಇಷ್ಟು ಅಂತ ಕೂಲಿ. ಲಾರಿ ವೇಬ್ರಿಡ್ಜಿಗೆ ಹೋಗುವಾಗ ಗ್ಯಾಂಗಿನ ಒಬ್ಬನೂ ಜೊತೆಗಿರುವುದಿಲ್ಲ, ಮರದ ಕೆಳಗೆ ಕೂತು ಬೀಡಿ ಸೇದುತ್ತಿರುತ್ತಾನೆ. ತೂಕದ ಚೀಟಿ ವ್ಯಾಪಾರಿ ಜೇಬಿಗೆ. ಅವನು ಎಷ್ಟು ಟನ್ ಅಂದರೆ ಅಷ್ಟು ಟನ್. ದಪ್ಪ ದಿಮ್ಮಿ ಸಾಮಿಲ್ಲಿಗೆ, ನೆಟ್ಟಗಿನ ಕಂಬ ಸೆಂಟ್ರಿಂಗಿಗೆ, ಮಿಕ್ಕ ತುಂಡು ಕಾಗದದ ಕಾರ್ಖಾನೆಗೆ. ಸೊಟ್ಟ, ಗಂಟು, ರೆಂಬೆ, ಬೊಡ್ಡೆ ಉಳಿಯುತ್ತದೆ. "ಅದ್ನ ನೀವೇ ತಗಳ್ರಲಾ, ಕೂಲೀಲಿ ಒಂಚೂರು ಬಿಟ್ಕಳಿ" ಅಂತ ವ್ಯಾಪಾರಿ ಧಾರಾಳ ತೋರಿಸುತ್ತಾನೆ.

ಕೇರಿಯ ಸೌದೆ ವ್ಯಾಪಾರ ಹುಟ್ಟಿದ್ದು ಈ ಉಳಿಕೆಯಲ್ಲಿ. ಮೊದಲು ತಲೆಹೊರೆ, ಆಮೇಲೆ ಸೈಕಲ್ಲು, ಆಮೇಲೆ ಬಾಡಿಗೆ ಟೆಂಪೊ. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಇದ್ದ ತೋಪುಗಳು ಒಂದೊಂದಾಗಿ ಅಡಿಕೆ ತೋಟವಾದವು, ಲೇಔಟ್ ಆದವು. ಅದೇ ಹೊತ್ತಿಗೆ ಕೊಯ್ಯುವ ಮಿಷನ್ನು ಬಂತು. ಹತ್ತು ಜನ ದಿನಪೂರ್ತಿ ಮಾಡುತ್ತಿದ್ದದ್ದನ್ನು ಮೂವರು ಮಧ್ಯಾಹ್ನದೊಳಗೆ ಮುಗಿಸುತ್ತಾರೆ. ಗ್ಯಾಂಗುಗಳು ಒಡೆದವು. ಮೂವರು ನಾಲ್ವರು ಸೇರಿ ಸಾಲ ಮಾಡಿ ಒಂದು ಮಿಷನ್ನು ತಗೊಂಡು, ಬದುವಿನ ಮೇಲಿನ ಜಾಲಿಯನ್ನೋ, ಗಾಳಿಗೆ ಬಿದ್ದ ಮರವನ್ನೋ, ಬರಗಾಲಕ್ಕೆ ಸುಳಿ ಒಣಗಿದ ತೆಂಗನ್ನೋ ತಾವೇ ಚೌಕಾಸಿ ಮಾಡಿ ಕೊಂಡು, ತಾವೇ ತುಂಡು ಹಾಕಿ ತಾವೇ ಮಾರತೊಡಗಿದರು. ಗುಬ್ಬಿ, ಕುಣಿಗಲ್ ಕಡೆ ಈಗ ಅಂಥವರು ಊರಿಗೊಬ್ಬರಾದರೂ ಸಿಗುತ್ತಾರೆ. ಕೂಲಿಯವನು ವ್ಯಾಪಾರಿಯಾದ ಅಂತ ನಾವೂ ಒಂದು ಸಲ ಹಿಗ್ಗಿ ಕವಿತೆ ಬರೆದಿದ್ದೆವು. ಕೆಟ್ಟ ಕವಿತೆ.

ಸೌದೆಯೇ ಯಾಕೆ, ಸಾಮಿಲ್ಲು ಇಡಬಹುದಿತ್ತಲ್ಲ ಅನ್ನಬಹುದು ನೀವು. ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1996ರ ಡಿಸೆಂಬರ್ 12ರಂದು ಕೊಟ್ಟ ಆದೇಶ, ಅದರ ಬೆನ್ನಿಗೆ ಬಂದ ಆದೇಶಗಳಿಂದ ಹೊಸ ಸಾಮಿಲ್ಲಿಗೆ ಲೈಸೆನ್ಸು ಸಿಗುವುದು ಬಹಳ ಬಿಗಿಯಾಯಿತು. ಕಾಡು ಉಳಿಯಲಿ ಅಂತ ಮಾಡಿದ್ದು, ಬೇಡ ಅನ್ನುವುದಿಲ್ಲ. ಆದರೆ ಅವತ್ತಿನ ದಿವಸ ಯಾರ ಹತ್ತಿರ ಸಾಮಿಲ್ಲು ಇತ್ತೋ ಅವರ ಮನೆತನಗಳೊಳಗೇ ಆ ಕಸುಬು ಉಳಿಯಿತು. ಆ ಪಟ್ಟಿಯಲ್ಲಿ ಕೇರಿಯ ಹೆಸರು ಹುಡುಕಬೇಡಿ.

ಗ್ಯಾಸು ಬಂದ ಮೇಲೆ ಸೌದೆ ಯಾರಿಗೆ ಬೇಕು ಅನ್ನುವವರು ರಸ್ತೆ ನೋಡಿಲ್ಲ. ಕಲ್ಯಾಣ ಮಂಟಪಗಳಿಗೆ ಬೇಕು, ಬೇಕರಿಗಳಿಗೆ ಬೇಕು, ಇಟ್ಟಿಗೆ ಗೂಡಿಗೆ ಬೇಕು. 2021ರ ಏಪ್ರಿಲ್‌, ಮೇನಲ್ಲಿ ಬೆಂಗಳೂರಿನ ಹೊರಗೆ ತಾವರೆಕೆರೆ, ಗಿಡ್ಡೇನಹಳ್ಳಿಗಳ ಬಯಲಲ್ಲಿ ಸಾಲಾಗಿ ಹೆಣ ಸುಟ್ಟರಲ್ಲ, ಅವಕ್ಕೂ ಲಾರಿಗಟ್ಟಲೆ ಸೌದೆ ಬೇಕಾಯಿತು. ಇನ್ನು ಹೆದ್ದಾರಿಯಲ್ಲಿ ಹೋಗುವಾಗ ಬೋರ್ಡು ನೋಡಿ: 'ಸೌದೆ ಒಲೆ ಬಿರಿಯಾನಿ', 'ಸೌದೆ ಒಲೆ ಊಟ'. ಕಾರಿನವರು ಇಳಿದು ಇಳಿದು ತಿನ್ನುತ್ತಾರೆ. ನಮ್ಮವ್ವಂದಿರ ಕಣ್ಣು ಹಾಳು ಮಾಡಿದ ಹೊಗೆಗೆ ಈಗ ರುಚಿ ಬಂದಿದೆ. ಅವ್ವನಿಗೆ 2016ರ ಉಜ್ವಲ ಯೋಜನೆಯಲ್ಲಿ ಗ್ಯಾಸಿನ ಒಲೆ ಬಂದಿದೆ, ಸಿಲಿಂಡರ್ ತುಂಬಿಸುವ ದುಡ್ಡು ಬಂದಿಲ್ಲ. ಮೇಲೊಂದು ಬಟ್ಟೆ ಹೊದಿಸಿ, ಕುಂಕುಮ ಇಟ್ಟು, ಪಕ್ಕದಲ್ಲೇ ಮೂರು ಕಲ್ಲಿನ ಒಲೆ ಹಚ್ಚುತ್ತಾಳೆ.

ಸರಿ, ಈಗ ಲೆಕ್ಕಕ್ಕೆ ಬರೋಣ. ಇಲ್ಲಿ ಸೈನ್ಸ್ ಓದುವವರು ಪೆನ್ಸಿಲ್ ತಗೊಳ್ಳಿ, ನಾವು ಆರ್ಟ್ಸಿನವರು, ತಪ್ಪಿದರೆ ತಿದ್ದಿ.

ಆಗ ತಾನೇ ಕಡಿದ ಮರದ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ನೀರು. ನೂರು ಕೇಜಿ ಹಸಿ ಸೌದೆಯಲ್ಲಿ ಐವತ್ತು ಕೇಜಿ ಮರ, ಐವತ್ತು ಕೇಜಿ ನೀರು ಅಂತ ಇಟ್ಟುಕೊಳ್ಳಿ. ಸೀಳಿ, ಗಾಳಿ ಆಡುವ ಹಾಗೆ ಅಡ್ಡ ಉದ್ದ ಅಟ್ಟಿ ಹಾಕಿ, ಮಳೆ ತಾಗದಂತೆ ಮೂರು ನಾಲ್ಕು ತಿಂಗಳು ಬಿಟ್ಟರೆ ನೀರಿನ ಪಾಲು ಐದರಲ್ಲಿ ಒಂದಕ್ಕೆ ಇಳಿಯುತ್ತದೆ. ಆಗ ಉಳಿಯುವ ತೂಕ ಅರವತ್ತೆರಡೂವರೆ ಕೇಜಿ. ಮೂವತ್ತೇಳೂವರೆ ಕೇಜಿ ಗಾಳಿಗೆ ಹೋಯಿತು. ಅಂದರೆ ಒಣ ಸೌದೆಗೆ ಹಸಿಯ ಬೆಲೆಯ ಒಂದೂವರೆಗಿಂತ ಮೇಲೆ, ಒಂದು ಪಾಯಿಂಟ್ ಆರರಷ್ಟು ಬೆಲೆ ಸಿಕ್ಕರೆ ಹಾಕಿದ ದುಡ್ಡು ವಾಪಸ್ಸು. ಅದಕ್ಕಿಂತ ಮೇಲೆ ಸಿಕ್ಕಿದ್ದೇ ಲಾಭ. ಬೇಕರಿಯವನು, ಹೋಟೆಲಿನವನು ಒಣ ಸೌದೆಗೆ ಆ ಬೆಲೆ ಕೊಡಲು ತಯಾರಿದ್ದಾನೆ, ಯಾಕೆಂದರೆ ಹಸಿ ಸೌದೆ ಉರಿಸಿದರೆ ಬೆಂಕಿಯ ಒಂದು ಪಾಲು ಅದರೊಳಗಿನ ನೀರನ್ನು ಓಡಿಸುವುದಕ್ಕೇ ಆಯಿತು. ಸೌದೆ ವ್ಯಾಪಾರದ ಗುಟ್ಟು ಕಡಿಯುವುದರಲ್ಲಿಲ್ಲ ಗೆಳೆಯರೆ. ಒಣಗುವುದರಲ್ಲಿದೆ. ಡಿಪೋ ಸಾಹುಕಾರ ಮರ ಕಡಿಯುವುದಿಲ್ಲ. ಹಸಿ ಕೊಂಡು, ಕಾಂಪೌಂಡಿನೊಳಗೆ ಒಟ್ಟಿಸಿ, ಬಿಸಿಲಿಗೆ ಬಿಟ್ಟು ಮನೆಗೆ ಹೋಗಿ ಮಲಗುತ್ತಾನೆ. ಬಿಸಿಲು ಅವನಿಗೆ ಬಿಟ್ಟಿ ಚಾಕರಿ ಮಾಡುತ್ತದೆ.

ಹಾಗಾದರೆ ನಮ್ಮವರು ಯಾಕೆ ಒಣಗಿಸಲಿಲ್ಲ? ಬುದ್ಧಿ ಇಲ್ಲವಾ? ಮರದ ತೊಗಟೆ ಉಗುರಲ್ಲಿ ಕೆರೆದು ಇದು ಇಷ್ಟು ದಿನಕ್ಕೆ ಒಣಗುತ್ತದೆ ಅಂತ ಹೇಳಬಲ್ಲವರು ಅವರು. ಒಣಗಿಸಲಿಕ್ಕೆ ಬೇಕಾದ್ದು ಜಾಗ, ಮತ್ತೆ ಮೂರು ತಿಂಗಳು ದುಡ್ಡು ಕೇಳದ ಹೊಟ್ಟೆ. ಎರಡೂ ಕೇರಿಯಲ್ಲಿಲ್ಲ. ಕೇರಿಯನ್ನು ನೋಡಿದ್ದೀರಲ್ಲ, ಗೋಡೆಗೆ ಗೋಡೆ ಹತ್ತಿ ಕೂತಿರುತ್ತದೆ. ಮನೆಗೆ ಮಗ ಸೊಸೆ ಬಂದರೆ ನಡುವೆ ಸೀರೆ ಕಟ್ಟುತ್ತಾರೆ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಎಲ್ಲರೂ ಹಳ್ಳಿಯನ್ನು ಹಾಡಿ ಹೊಗಳುವಾಗ ಬಾಬಾಸಾಹೇಬರು ಮಾತ್ರ ಯಾಕೆ ಒಪ್ಪಲಿಲ್ಲ ಅನ್ನುವುದು ಪುಸ್ತಕದಲ್ಲಿ ಓದಿದ್ದಕ್ಕಿಂತ ಚೆನ್ನಾಗಿ ನಮಗೆ ಸೌದೆ ಒಟ್ಟಲು ಜಾಗ ಹುಡುಕುವಾಗ ಗೊತ್ತಾಯಿತು.

ಕುಣಿಗಲ್ ಕಡೆಯ ಒಂದು ಊರು, ಹೆಸರು ಬೇಡ. ನಾಲ್ಕು ಜನ ಅಣ್ಣತಮ್ಮಂದಿರು. ಮೊದಲು ಒಂದೇ ಗ್ಯಾಂಗಿನಲ್ಲಿದ್ದವರು. ಒಂದು ಸಲವಾದರೂ ಒಣಗಿಸಿಯೇ ಮಾರೋಣ ಅಂತ ಹಟ ಹಿಡಿದರು. ಶಿವರಾತ್ರಿ ಆಸುಪಾಸು ಆರು ಟನ್ ಸೌದೆ ಸೀಳಿ, ಕೇರಿಯ ಹಿಂದೆ ಗೋಮಾಳದ ಅಂಚಿನಲ್ಲಿ ಅಟ್ಟಿ ಹಾಕಿದರು. ಮನೆ ಖರ್ಚಿಗೆ ಹೆಂಗಸರು ಸಂಘದಲ್ಲಿ ಸಾಲ ಎತ್ತಿದರು. ಇಪ್ಪತ್ತು ದಿನ ಆಗಿರಬೇಕು, ಊರೊಳಗೆ ಮಾತು ಶುರುವಾಯಿತು. "ಕೇರಿಯೋರು ಗೋಮಾಳ ಒತ್ತುವರಿ ಮಾಡವ್ರೆ. ಇವತ್ತು ಸೌದೆ ಇಕ್ಕವ್ರೆ, ನಾಳೆ ಗುಡ್ಲು ಇಕ್ತಾರೆ." ಅದೇ ಗೋಮಾಳದ ಇನ್ನೊಂದು ಅಂಚಿನಲ್ಲಿ ಯಾರದೋ ತೆಂಗಿನ ತೋಟ ಫಲಕ್ಕೆ ಬಂದು ವರ್ಷಗಳಾಗಿವೆ, ಅದು ಯಾರ ಕಣ್ಣಿಗೂ ಕಾಣಲಿಲ್ಲ. ಅರ್ಜಿ ಹೋಯಿತು, ಎರಡು ದಿವಸದೊಳಗೆ ಎತ್ತಿ ಅಂತ ಹೇಳಿಕೆ ಬಂತು. ಎಲ್ಲಿಗೆ ಎತ್ತುವುದು? ಎರಡನೇ ದಿನ ಸಂಜೆ ಡಿಪೋ ಸಾಹುಕಾರನ ಲಾರಿ ಬಂದು ನಿಂತಿತು. ಹೇಳಿ ಕಳಿಸಿದವರ‍್ಯಾರೋ ಇದ್ದೇ ಇರುತ್ತಾರೆ. ಅರೆ ಒಣಗಿದ ಸೌದೆಯನ್ನು ಹಸಿಯ ದರಕ್ಕೆ ತಗೊಂಡು ಹೋದ. ನೀರು ಹೋಗಿ ತೂಕ ಇಳಿದಿತ್ತು, ಬೆಲೆ ಏರಿರಲಿಲ್ಲ. ಒಣಗಿಸದೇ ಇದ್ದಿದ್ದರೆ ಅದಕ್ಕಿಂತ ಹೆಚ್ಚು ದುಡ್ಡು ಬರುತ್ತಿತ್ತು.

ಆ ದಿನದಿಂದ ಅವರೂ ಹಸಿಯಾಗಿಯೇ ಮಾರಿದರು. ನಿಮ್ಮ ನೀರೊಲೆ ಹಿಂದಿರುವುದು ಅಂಥದೇ ಯಾವುದೋ ಗ್ಯಾಂಗಿನ ಸೌದೆ.

ಆರು ಟನ್ ಸೌದೆ ಅಟ್ಟಿ ಹಾಕಲು ಒಂದು ಗುಂಟೆ ಜಾಗ ಸಾಕು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಹೆಲಿಕಾಪ್ಟರ್ ಕಾರ್ಖಾನೆಗೆ 615 ಎಕರೆ ಸಿಕ್ಕಿತು, 2023ರ ಫೆಬ್ರುವರಿ 6ರಂದು ಅದರ ಉದ್ಘಾಟನೆಯೂ ಆಯಿತು. ದೇಶಕ್ಕೆ ಹೆಲಿಕಾಪ್ಟರ್ ಬೇಕು, ಆಗಲಿ. ನಾವು ಕೇಳುತ್ತಿರುವುದು ಎಕರೆಯಲ್ಲಿ ಅಲ್ಲ. ಆದರೆ ಗುಂಟೆ ಲೆಕ್ಕದಲ್ಲಿ ಜಾಗ ಕೇಳುವ ಅರ್ಜಿಗೆ ಕಚೇರಿಯಲ್ಲಿ ಫಾರಮ್ಮೇ ಇಲ್ಲ ಅಂದರು. ನಾವೇ ಹೋಗಿದ್ದೆವು. "ಸೌದೆ ಒಣಗ್ಸೋಕೆ ಅಂತ ಯಾವ ಸ್ಕೀಮೂ ಇಲ್ಲ, ಕುರಿ ಸಾಲ ಬೇಕಾದ್ರೆ ಹಾಕಿ" ಅಂತ ಗುಮಾಸ್ತರು ನಿಜವಾದ ಅನುಕಂಪದಿಂದಲೇ ಹೇಳಿದರು.

ಈಗ ಒಂದು ಕಹಿ ಮಾತು. ಗುಬ್ಬಿ ಕಡೆ ನಮ್ಮವರೇ ಒಬ್ಬರು ಗೆದ್ದಿದ್ದಾರೆ. ಹದಿನೈದು ವರ್ಷ ಕೊಡಲಿ ಹಿಡಿದವರು. ರಸ್ತೆ ಪಕ್ಕ ಸೈಟು ಬಾಡಿಗೆಗೆ ಹಿಡಿದು, ತಗಡಿನ ಚಪ್ಪರ ಹಾಕಿ, ಒಣಗಿಸಿ ಮಾರಿ, ಸ್ವಂತ ಟೆಂಪೊ ತಗೊಂಡರು, ಆರ್‌ಸಿಸಿ ಮನೆ ಕಟ್ಟಿದರು. ಏಪ್ರಿಲ್ 14ಕ್ಕೆ ವೇದಿಕೆ ಮೇಲೆ ಕೂರಿಸಿ ಹಾರ ಹಾಕಿದೆವು. ಆಮೇಲೆ ಒಂದು ದಿನ ಅವರ ಹತ್ತಿರ ಕೆಲಸ ಮಾಡುವ ಹುಡುಗ ಸಿಕ್ಕಿ ಹೇಳಿದ: ಅಲ್ಲೂ ಅಡ್ವಾನ್ಸು, ಅಲ್ಲೂ ಚೀಟಿ ಸಾಹುಕಾರರ ಜೇಬಿಗೆ, ಸೌದೆ ಹೊರುವ ಹೆಂಗಸರಿಗೆ ಗಂಡಸರ ಅರ್ಧ ಕೂಲಿ. ಕೇಳೋಣ ಅಂತ ಹೋದೆವು. ಚಾಪೆ ಹಾಸಿ ಕೂರಿಸಿ ಟೀ ಕೊಟ್ಟರು. ಕೇಳಿದ್ದಕ್ಕೆ, "ವ್ಯಾಪಾರ ಅಂದ್ರೆ ಹಿಂಗೇ ಕಣ್ರಪ್ಪ, ನೀವು ಪುಸ್ತಕದೋರು. ನನ್ಗೂ ಬಾಡ್ಗೆ ಕಟ್ಬೇಕು, ಬಡ್ಡಿ ಕಟ್ಬೇಕು. ಮಳೆ ಬಂದು ನೆಂದೋದ್ರೆ ನಿಮ್ ಸಂಘ ಕೊಡ್ತದಾ?" ಅಂದರು. ಉತ್ತರ ಹೊಳೆಯಲಿಲ್ಲ. ಅವರನ್ನು ಬೈಯುವುದು ಸುಲಭ. ತಮ್ಮನ ಮಕ್ಕಳಿಬ್ಬರ ಕಾಲೇಜು ಫೀಜನ್ನು ಅವರೇ ಕಟ್ಟುತ್ತಾರೆ ಅನ್ನುವುದೂ ನಮಗೆ ಗೊತ್ತು. ಆದರೆ ಸಾಹುಕಾರನ ಜೇಬಲ್ಲಿದ್ದ ಚೀಟಿ ನಮ್ಮವನ ಜೇಬಿಗೆ ಬಂದದ್ದನ್ನೇ ವಿಮೋಚನೆ ಅನ್ನುವುದಾದರೆ, ಸೌದೆ ಹೊರುವ ಆ ಹೆಂಗಸಿಗೆ ಹೋಗಿ ಏನು ಹೇಳುವುದು?

ಹೆಂಗಸರ ಮಾತು ಬಂತು. ಇದು ನಮ್ಮ ಕುಣಿಗಲ್ ತಾಲ್ಲೂಕಿನದೇ ವಿಷಯ, ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1974ರಲ್ಲಿ 'ಅಸ್ತ್ರ' ಅನ್ನುವ ಗ್ರಾಮೀಣ ತಂತ್ರಜ್ಞಾನದ ಕೇಂದ್ರ ಮಾಡಿದರು. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ಶಾಖೆ. ಅಮೂಲ್ಯ ರೆಡ್ಡಿ ಮತ್ತು ಅವರ ಜೊತೆಯವರು ಅಲ್ಲಿನ ಆರು ಹಳ್ಳಿಗಳಲ್ಲಿ ಒಲೆ ಒಲೆಗೂ ಹೋಗಿ ಸೌದೆ ತೂಗಿದರು. ಪುರ ಅನ್ನುವ ಪುಟ್ಟ ಹಳ್ಳಿಯ ಲೆಕ್ಕ ಆಮೇಲೆ ಪ್ರಪಂಚದ ಪುಸ್ತಕಗಳಿಗೆಲ್ಲಾ ಹೋಯಿತು. ಊರು ಬಳಸುವ ಒಟ್ಟು ಶಕ್ತಿಯಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಸೌದೆಯದು. ಮನುಷ್ಯರ ದುಡಿಮೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರದು, ಮಕ್ಕಳದೂ ಸೇರಿಸಿದರೆ ಗಂಡಸರ ಪಾಲು ಮೂರನೇ ಒಂದಕ್ಕೂ ಕಡಿಮೆ. ಇನ್ನೊಂದು ಮುಖ್ಯ ವಿಷಯ ಕಂಡರು: ಹಳ್ಳಿಯ ಹೆಂಗಸು ಒಲೆಗೆ ತರುವುದು ಬಿದ್ದ ಪುಳ್ಳೆ, ಕಡ್ಡಿ, ರೆಂಬೆ. ಮರ ಉರುಳಿಸಿ ದಿಮ್ಮಿಯಾಗಿ ಹೋಗುವುದು ಲಾರಿಯಲ್ಲಿ, ಬೆಂಗಳೂರಿನಂಥ ಪಟ್ಟಣಕ್ಕೆ.

ಕಾಡು ಹಾಳಾಗುತ್ತಿರುವುದು ಬಡವರ ಒಲೆಯಿಂದ ಅಂತ ಯಾರಾದರೂ ಭಾಷಣ ಮಾಡಿದರೆ ಉಂಗ್ರದ ಹೆಸರು ಹೇಳಿ. ಪುಳ್ಳೆ ಹೊರೆ ಹೊತ್ತ ಹೆಂಗಸನ್ನು ತಡೆದು ಮಚ್ಚು ಕಸಿಯುವುದನ್ನು ನಾವು ಕಣ್ಣಾರೆ ನೋಡಿದ್ದೇವೆ. ಅದೇ ರಸ್ತೆಯಲ್ಲಿ ಟಾರ್ಪಾಲು ಮುಚ್ಚಿದ ಲಾರಿ ಹಾರನ್ ಹೊಡೆದುಕೊಂಡು ಹೋಗುತ್ತದೆ.

ಈ ಹಿಂದೆ ಒಂದು ಸಭೆಯಲ್ಲಿ ಒಬ್ಬ ತಂಗಿ ಎದ್ದು ಕೇಳಿದ್ದಳು, "ಅಣ್ಣ, ಏನೇ ಹೇಳಿ, ಮರ ಕಡಿಯೋದು ತಪ್ಪಲ್ಲವಾ?" ಅಂತ. ಒಳ್ಳೆಯ ಪ್ರಶ್ನೆ. ಊರ ಮುಂದಿನ ಹಳೇ ಹುಣಸೆಯನ್ನು ಇಟ್ಟಿಗೆ ಗೂಡಿಗೆ ಹಾಕಿದರೆ ನಮಗೂ ಸಂಕಟವಾಗುತ್ತದೆ. ನಮ್ಮಪ್ಪನೇ ಅಂಥ ಮರಕ್ಕೆ ಕೊಡಲಿ ಹಾಕುವ ಮೊದಲು ಕೈ ಮುಗಿಯುತ್ತಿದ್ದರು. ಆದರೆ ತಪ್ಪನ್ನು ಕೊಡಲಿ ಹಿಡಿದವನ ತಲೆಗೇ ಕಟ್ಟಿ ಕೈ ತೊಳೆದುಕೊಳ್ಳಬಾರದು. 2015ರ ಏಪ್ರಿಲ್ 7ರಂದು ಆಂಧ್ರದ ಶೇಷಾಚಲದ ಕಾಡಿನಲ್ಲಿ ರಕ್ತಚಂದನ ಕಡಿಯಲು ಬಂದವರು ಅಂತ ತಮಿಳುನಾಡಿನ ಇಪ್ಪತ್ತು ಜನ ಬಡ ಕೂಲಿಯವರನ್ನು ಪೊಲೀಸರು ಗುಂಡಿಟ್ಟು ಕೊಂದರು. ದಿಮ್ಮಿಗೆ ದುಡ್ಡು ಹಾಕುವವರು ಯಾರೂ ಅಲ್ಲಿ ಬಿದ್ದಿರಲಿಲ್ಲ. ಒಲೆಗೆ, ಬೇಕರಿಗೆ ಬೇಕಾದ ಸೌದೆ ಬೆಳೆಸಿದ ಮರದಿಂದ ಬರಲಿ, ಬದುವಿನ ಜಾಲಿಯಿಂದ ಬರಲಿ. ಅದರಲ್ಲೂ ಒಣಗಿಸಿ ಉರಿಸಿದರೆ ಅದೇ ಅಡುಗೆಗೆ ಕಡಿಮೆ ಸೌದೆ ಸಾಕು, ಮರವೂ ಉಳಿಯುತ್ತದೆ. ಮರ ಉಳಿಸಬೇಕು ಅನ್ನುವವರು ಕೇರಿಗೆ ಒಣಗಿಸುವ ಜಾಗ ಕೊಡಿಸಲು ನಮ್ಮ ಜೊತೆ ಬರಬೇಕು.

ಕಾಯ್ದೆಯದ್ದೂ ಒಂದು ಮಾತು, ಬೇಗ ಮುಗಿಸುತ್ತೇವೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ಮರ ಕಡಿಯಲು ಅನುಮತಿ ಬೇಕು. ಆದರೆ ನೀಲಗಿರಿ, ಸರ್ವೆ, ಬಳ್ಳಾರಿ ಜಾಲಿ, ತೆಂಗು, ಸುಬಾಬುಲ್, ಸಿಲ್ವರ್ ಓಕ್ ಮೊದಲಾದವಕ್ಕೆ ಬೇಡ ಅಂತ ಕಾಯ್ದೆಯೇ ಬಿಟ್ಟುಕೊಟ್ಟಿದೆ. ಇದು ಗೊತ್ತಿಲ್ಲದೆ ನಮ್ಮವರು ಜಾಲಿ ತುಂಬಿದ ಟೆಂಪೊಗೂ ದಾರಿಯಲ್ಲಿ ಕೈ ಬಿಸಿ ಮಾಡಿಕೊಂಡು ಬರುತ್ತಾರೆ. ಆ ಪುಟದ ಜೆರಾಕ್ಸು ಮಾಡಿಸಿ ಟೆಂಪೊದಲ್ಲಿ ಇಡಿಸಿ. ಪಟ್ಟಿಯಲ್ಲಿಲ್ಲದ ಮರವಾದರೆ ಅನುಮತಿ ಇಲ್ಲದೆ ಮುಟ್ಟಬೇಡಿ ಅಂತಲೂ ಹೇಳಿ. ಅದನ್ನು ಹೇಳುವುದು ಕಷ್ಟ, ಬೈಸಿಕೊಳ್ಳುತ್ತೀರಿ.

ಇನ್ನು ನಿಮ್ಮಿಂದ ಏನು ಬೇಕು ಅನ್ನುವುದಕ್ಕೆ ಬರುತ್ತೇವೆ. ಕುಣಿಗಲ್ಲಿನ ಆ ನಾಲ್ವರು ಅಣ್ಣತಮ್ಮಂದಿರು ಮತ್ತೆ ಸೌದೆ ಒಟ್ಟಿದ್ದಾರೆ. ಈ ಸಲ ಗೋಮಾಳದಲ್ಲಲ್ಲ. ಕೇರಿಯ ಕೊನೆಯಲ್ಲಿ ಒಬ್ಬ ಅಜ್ಜಿಯ ಹಿತ್ತಲಿದೆ, ಮಗ ಬೆಂಗಳೂರು ಸೇರಿ ವಾಪಸ್ಸು ಬರಲಿಲ್ಲ. ತಿಂಗಳಿಗೆ ಬಾಡಿಗೆ, ಜೊತೆಗೆ ಅಜ್ಜಿಯ ಒಲೆಗೆ ಬೇಕಾದಷ್ಟು ಚಕ್ಕೆ. ಈ ಸಲ ಎರಡು ಟನ್ ಮಾತ್ರ, ಅಷ್ಟೇ ಹಿಡಿಸುವುದು. ಹೋದ ಭಾನುವಾರ ನಾವು ಹೋಗಿ ಹತ್ತು ತುಂಡಿಗೆ ಸುಣ್ಣದ ಗುರುತು ಹಾಕಿ, ತಕ್ಕಡಿಯಲ್ಲಿ ತೂಗಿ ಬಂದಿದ್ದೇವೆ. ಪ್ರತಿ ಭಾನುವಾರ ಅದೇ ಹತ್ತು ತುಂಡು ತೂಗಿ ಬರೆಯಬೇಕು. ತೂಕ ಇಳಿಯುವುದು ನಿಂತ ವಾರ ಸೌದೆ ಒಣಗಿತು ಅಂತ ಲೆಕ್ಕ. ಆ ವಾರ ಮಾರಬೇಕು. ಮಾರುವಾಗ ವೇಬ್ರಿಡ್ಜಿಗೆ ಅವರ ಜೊತೆ ಒಬ್ಬರು ಹೋಗಬೇಕು, ಚೀಟಿ ಕೈಗೆ ತಗೊಂಡು ಎಲ್ಲರ ಎದುರಿಗೆ ಓದಬೇಕು. ಹೊರುವ ಹೆಂಗಸರ ಕೂಲಿಯೂ ಅದೇ ಪುಸ್ತಕದಲ್ಲಿ, ಗಂಡಸರ ಕೂಲಿಯ ಕೆಳಗೇ, ಅಷ್ಟೇ ಅಂಕಿಯಲ್ಲಿ. ಇದಕ್ಕೆ ನಾಲ್ವರಲ್ಲಿ ಮೂವರು ಒಪ್ಪಿದ್ದಾರೆ, ಒಬ್ಬರು ಇನ್ನೂ ಗೊಣಗುತ್ತಿದ್ದಾರೆ.

ಮೂರು ತಿಂಗಳಿಗೆ ಹನ್ನೆರಡು ಹದಿಮೂರು ಭಾನುವಾರ. ಒಬ್ಬರ ಕೈಯಲ್ಲಿ ಆಗುವುದಿಲ್ಲ, ಇಬ್ಬಿಬ್ಬರು ಸರದಿ ಹಾಕಿಕೊಳ್ಳಿ. ಬೆಳಿಗ್ಗೆ ಕುಣಿಗಲ್ ಬಸ್ಸಿಗೆ ಹೊರಟರೆ ಸಂಜೆ ಊಟದ ಗಂಟೆ ಹೊಡೆಯುವುದರೊಳಗೆ ವಾಪಸ್ಸು ಬರಬಹುದು. ರೂಲು ಹಾಕಿದ ಒಂದು ನೋಟ್‌ಬುಕ್ಕು ತನ್ನಿ, ನಮ್ಮ ಹತ್ತಿರ ಇರುವುದರಲ್ಲಿ ಹಾಳೆ ಮುಗಿದಿದೆ. ಮಧ್ಯಾಹ್ನದ ಮುದ್ದೆ ಅವರ ಮನೆಯಲ್ಲೇ.